ರೇಡಿಯೋ ಪಂಡಿತೆ ಹೆರಾವತಿ

ಜಕಾರ್ತಾದ ನಮ್ಮ ಗಲ್ಲಿಯಲ್ಲಿ ಬು ಹೆರಾವತಿ, ಅಂದರೆ ಹೆರಾವತಿ ಅಮ್ಮ, ಕಾಣಿಸಿಕೊಂಡರೆ ಹರಟೆ ತಟ್ಟನೆ ನಿಂತುಹೋಗುತ್ತಿತ್ತು. ಆಕೆ ಕೆಟ್ಟವರಲ್ಲ. ನಮ್ಮ ಇಂಡೊನೇಷ್ಯಾ ಭಾಷೆಯ ಪಂಡಿತೆ. ವಿಶ್ವವಿದ್ಯಾಲಯದಲ್ಲಿ ವ್ಯಾಕರಣ ಕಲಿಸಿದವರು, ನಿಘಂಟಿಗಾಗಿ ಕಣ್ಣು ಸವೆಸಿದವರು. ಭಾನುವಾರದ ರೇಡಿಯೋದಲ್ಲಿ ‘ಹಾಗೆನ್ನಬಾರದು, ಹೀಗೆನ್ನಬೇಕು’ ಎಂದು ಇಡೀ ದೇಶದ ನಾಲಿಗೆ ತಿದ್ದುತ್ತಿದ್ದವರೂ ಅವರೇ.

“ಏಯ್, ಬಾಯಿ ಮುಚ್ಕೊಳ್ರೇ, ವ್ಯಾಕರಣ ಬಂತು!” ಎಂದು ಎದುರುಮನೆಯ ರೋಹಾಯಾ ಪಿಸುಗುಟ್ಟುತ್ತಿದ್ದಳು. ಆಕೆ ಹತ್ತಿರ ಬಂದ ಕೂಡಲೇ ಅದೇ ಬಾಯಿ, “ತಾವು ಕ್ಷೇಮವೇ?” ಎನ್ನುತ್ತಿತ್ತು.

ಗಂಡ ತೀರಿಕೊಂಡ ಮೇಲೆ ಆಕೆಯ ಜೊತೆ ಸಲೀಸಾಗಿ ಮಾತಾಡುವವರೇ ಇಲ್ಲವಾದರು. ಸಾವಿನ ಮನೆಯಲ್ಲೂ ನಾವು ತಪ್ಪಿಲ್ಲದ ಪದ ಹುಡುಕುತ್ತ ಕುಳಿತಿದ್ದೆವು.

ಮುಂದಿನದನ್ನು ಆಕೆಯೇ ನನಗೆ ಹೇಳಿದ್ದು, ಜ್ವರದಲ್ಲಿ ಮಲಗಿದ್ದಾಗ ನಾನು ಗಂಜಿ ಒಯ್ದ ದಿನ.

ಭಾಷಣಕ್ಕೆಂದು ದೂರದ ದ್ವೀಪದ ಮಕಾಸ್ಸರ್‌ ಪಟ್ಟಣಕ್ಕೆ ಹೋದವರು ಬಂದರಿನ ಬಳಿ ಮಾಂಸದ ಸಾರಿನ ಅಂಗಡಿಯೊಂದಕ್ಕೆ ನುಗ್ಗಿದರಂತೆ. “ಏನ್ ಕೆಲಸ ನಿಂದು?” ಎಂದು ಅಂಗಡಿಯ ಒಡತಿ ದಾಯೆಂಗ್ ಬಾವು ಕೇಳಿದಳು. “ಬಟ್ಟೆ ಮಾರ್ತೀನಿ” ಎಂಬ ಸುಳ್ಳು ತಾನಾಗಿಯೇ ಬಾಯಿಂದ ಬಂತು.

“ಇಷ್ಟು ಮೆಲ್ಲಗೆ ಮಾತಾಡಿದ್ರೆ ನಿನ್ ಬಟ್ಟೆ ಯಾರೇ ತಗೋತಾರೆ? ಕೂಗು ಹಾಕೋದು ಕಲಿ!”

ಅಂಗಡಿಯೆಲ್ಲ ನಕ್ಕಿತು. ಆಕೆಯೂ ನಕ್ಕರು. ಆಮೇಲೆ ರಜೆ ಸಿಕ್ಕಾಗಲೆಲ್ಲ ಮಕಾಸ್ಸರ್. ದಾಯೆಂಗ್ ಬಾವು ಅಳಿಯನನ್ನು ಬೈಯುತ್ತಿದ್ದಳು, ಸೊಂಟನೋವು ಹೇಳಿಕೊಳ್ಳುತ್ತಿದ್ದಳು. ಹೆರಾವತಿ ಯಾವ ಪದವನ್ನೂ ಬರೆದಿಟ್ಟುಕೊಳ್ಳಲಿಲ್ಲ. ಸುಮ್ಮನೆ ಕೇಳುತ್ತಿದ್ದರು.

ಒಂದು ದಿನ ಪಕ್ಕದಲ್ಲಿ ಉಣ್ಣುತ್ತಿದ್ದ ಮೇಷ್ಟ್ರೊಬ್ಬರು ಚಮಚ ಕೆಳಗಿಟ್ಟರು. “ಈ ದನಿ! ನೀವು ರೇಡಿಯೋದ ಹೆರಾವತಿ ಅಲ್ವಾ?”

ದಾಯೆಂಗ್ ಬಾವು ಕೈ ಒರೆಸಿಕೊಂಡು ನೆಟ್ಟಗೆ ನಿಂತಳು. ಮೇಜನ್ನು ಎರಡನೆಯ ಸಲ ಒರೆಸಿದಳು. ಆಮೇಲೆ ತಡವರಿಸುತ್ತ, “ತಾವು... ದಯವಿಟ್ಟು ಭೋಜನ ಸ್ವೀಕರಿಸಬೇಕು” ಎಂದಳು.

“ಹಂಗನ್ಬೇಡ ಕಣೇ, ನಾನು ಅದೇ ಹೆರಾ ಅಲ್ವಾ?”

“ಕ್ಷಮಿಸಬೇಕು. ನನ್ನ ಭಾಷೆ ಅಷ್ಟು ಚೆನ್ನಾಗಿಲ್ಲ.”

ಹೆರಾವತಿ ತಣ್ಣಗಾದ ಸಾರನ್ನು ಅರ್ಧಕ್ಕೇ ಬಿಟ್ಟು ಎದ್ದರಂತೆ.

ಅದೇ ವರ್ಷ ಆಕೆ ರೇಡಿಯೋ ಬಿಟ್ಟರು. ಅದರಿಂದ ಗಲ್ಲಿಯೇನೂ ಬದಲಾಗಲಿಲ್ಲ. ಈಗಲೂ ಬೆಳಿಗ್ಗೆ ತರಕಾರಿ ಗಾಡಿ ಆಕೆಯ ಕಿಟಕಿಯ ಕೆಳಗೇ ನಿಲ್ಲುತ್ತದೆ. ಚೌಕಾಸಿ, ಬೈಗುಳ, ನಗು. ಪರದೆಯ ಹಿಂದೆ ಆಕೆ ಕುರ್ಚಿ ಹಾಕಿಕೊಂಡು ಕೂತಿರುವುದು ನನಗೆ ಗೊತ್ತು. ಎಷ್ಟೇ ಸೆಕೆಯಿದ್ದರೂ ಕಿಟಕಿ ತೆರೆಯುವುದಿಲ್ಲ. ತೆರೆದರೆ ಮಾತು ನಿಂತುಹೋಗುತ್ತದೆ.