ಮಾವ ಹೂತಿಟ್ಟ ನೆಲಬಾಂಬುಗಳು

ನನ್ನ ಗಂಡನ ತಂದೆಯನ್ನು ಬೀದಿಯವರೆಲ್ಲ ‘ನಲ್ಲಿ ಮಾವ’ ಎಂದು ಕರೆಯುತ್ತಿದ್ದರು. ನೀರು ಸರಬರಾಜು ಕಚೇರಿಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಯಾರ ಮನೆಯ ನಲ್ಲಿ ಬುಸುಗುಟ್ಟಿದರೂ ಜನ ಮೊದಲು ನಮ್ಮ ಬಾಗಿಲು ತಟ್ಟುತ್ತಿದ್ದರು. ಮಾವ ಊಟಕ್ಕೆ ಕೂತಿದ್ದರೂ ಕೈ ತೊಳೆದು ಎದ್ದು ಹೋಗುತ್ತಿದ್ದರು. ಈ ಮನುಷ್ಯ ನನಗಿಂತ ಹೆಚ್ಚಾಗಿ ಕೊಳವೆಗಳ ಜೊತೆ ಸಂಸಾರ ಮಾಡಿದ್ದಾರೆ ಎಂದು ಅತ್ತೆ ನಗುತ್ತಿದ್ದರು.

ಅದಕ್ಕೂ ಮೊದಲು ಅವರು ಸೈನ್ಯದಲ್ಲಿದ್ದರು ಎಂಬುದು ನನಗೆ ಗೊತ್ತಿತ್ತು. ಅಲ್ಲಿ ಏನು ಮಾಡುತ್ತಿದ್ದರೆಂಬುದು ಗೊತ್ತಿರಲಿಲ್ಲ. ನಮ್ಮ ಮದುವೆಯ ದಿನ ಎಲ್ಲರೂ ಹುಲ್ಲುಹಾಸಿನ ಮೇಲೆ ನಿಂತು ಫೋಟೊ ತೆಗೆಸಿಕೊಂಡಾಗ ಅವರೊಬ್ಬರೇ ಸಿಮೆಂಟ್ ಮೆಟ್ಟಿಲು ಬಿಟ್ಟು ಇಳಿಯಲಿಲ್ಲ. ಗಂಡನನ್ನು ಕೇಳಿದರೆ, ಅಪ್ಪ ಮೊದಲಿನಿಂದಲೂ ಹಾಗೇ ಎಂದರು.

ಕಾರಣ ತಿಳಿದದ್ದು ಅತ್ತೆ ತೀರಿಹೋದ ಮೇಲೆ. ಒಂದು ಮಧ್ಯಾಹ್ನ ನಾನು ತರಕಾರಿ ಹೆಚ್ಚುತ್ತಿದ್ದಾಗ ಮಾವ ಅಡುಗೆಮನೆಯ ಬಾಗಿಲಿಗೆ ಒರಗಿ ತಾವಾಗಿಯೇ ಹೇಳತೊಡಗಿದರು. ಅವರು ಎಂಜಿನಿಯರಿಂಗ್ ಮುಗಿಸಿದ ಹೊಸತರಲ್ಲೇ ಯುದ್ಧ ಶುರುವಾಗಿತ್ತು. ಶತ್ರು ಹೊಳೆ ದಾಟದಂತೆ ದಂಡೆಯ ಬಯಲಿನಲ್ಲಿ ನೆಲಬಾಂಬು ಹೂಳುವ ಕೆಲಸ ಅವರ ಪಾಲಿಗೆ ಬಂತು. ಅಚ್ಚುಕಟ್ಟಾಗಿ ಹೂತರು, ನಕ್ಷೆಯನ್ನೂ ಬರೆದಿಟ್ಟರು. ಶತ್ರು ಆ ಕಡೆ ತಲೆ ಕೂಡ ಹಾಕಲಿಲ್ಲ. ಯುದ್ಧ ಮುಗಿದ ವರ್ಷವೇ ಹೊಳೆ ಉಕ್ಕಿ ಬಯಲನ್ನು ಕಲಸಿಹಾಕಿತು. ನೀರಿಳಿದ ಮೇಲೆ ಬಾಂಬು ತೆಗೆಯಲು ಅವರನ್ನೇ ಕಳಿಸಿದರು. ನಕ್ಷೆ ತೋರಿಸಿದ ಕಡೆ ಏನೂ ಇರಲಿಲ್ಲ. ಅವರ ತಂಡದಲ್ಲಿ ‘ಮರಕುಟಿಗ’ ಎಂದು ಎಲ್ಲರೂ ಕರೆಯುತ್ತಿದ್ದ ಬಡಗಿಯೊಬ್ಬನಿದ್ದ. ಮಾವ ಹೆಜ್ಜೆ ಇಟ್ಟಲ್ಲೇ ಹೆಜ್ಜೆಯಿಟ್ಟು ಹಿಂದೆ ಬರುತ್ತಿದ್ದ. ಬಾಂಬು ಸಿಡಿದದ್ದು ಅವನ ಕಾಲ ಕೆಳಗೆ.

“ನಾನು ತುಳಿದ ಜಾಗನೇ ಅವನೂ ತುಳಿದಿದ್ದು ತಾಯಿ,” ಎಂದರು ಮಾವ. “ನನಗ್ಯಾಕೆ ಸಿಡೀಲಿಲ್ಲ ಅನ್ನೋದು ಇವತ್ತಿಗೂ ಅರ್ಥ ಆಗಿಲ್ಲ.”

ಅಲ್ಲಿಗೆ ಕೆಲಸ ನಿಂತಿತು. ಬಯಲಿಗೆ ಮುಳ್ಳುತಂತಿ ಬಿಗಿದು ಎಲ್ಲರೂ ಹಿಂದಿರುಗಿದರು. ಮಾವ ಸೈನ್ಯ ಬಿಟ್ಟು ಬಂದು ಕೊಳವೆ ಹೂಳುವ ಕೆಲಸಕ್ಕೆ ಸೇರಿದರು. ಕೊಳವೆ ತಿರುಗಿದಲ್ಲೆಲ್ಲ ಮೇಲೊಂದು ಗುರುತಿನ ಕಲ್ಲು ನೆಡಿಸದೆ ಬಿಡುತ್ತಿರಲಿಲ್ಲ. ಸಮಾಧಿ ಕಟ್ಟಿಸೋ ಸಾಹೇಬರು ಎಂದು ಕಚೇರಿಯವರು ಬೆನ್ನ ಹಿಂದೆ ಗೇಲಿ ಮಾಡುತ್ತಿದ್ದರಂತೆ.

ಅತ್ತೆ ಹೋದ ಮೇಲೆ ಆ ಬಯಲಿನ ಬಾಂಬುಗಳನ್ನು ತಾವೇ ನಿಂತು ತೆಗೆಸುವುದಾಗಿ ಹೇಳುತ್ತ ಕಚೇರಿಯಿಂದ ಕಚೇರಿಗೆ ಅಲೆದರು. ಅಧಿಕಾರಿಗಳು ಎದ್ದು ಕುರ್ಚಿ ಕೊಡುತ್ತಿದ್ದರು, ಚಹಾ ತರಿಸುತ್ತಿದ್ದರು, ನೋಡೋಣ ಎನ್ನುತ್ತಿದ್ದರು. “ಮುಗಿದ ಕಥೆ, ಬಿಡಪ್ಪ,” ಎಂದು ನನ್ನ ಗಂಡ ರೇಗುತ್ತಿದ್ದರು. ಕೊನೆಗೆ ಯಾರೋ ಬಾಂಬು ಹುಡುಕುವ ಯಂತ್ರ ಓಡಾಡಿಸಿ, ಇನ್ನೇನೂ ಅಪಾಯವಿಲ್ಲ ಎಂದು ಸಾರಿಬಿಟ್ಟರು. ತಂತಿ ಕಿತ್ತು ಮನೆಯಿಲ್ಲದವರಿಗೆ ಆ ಜಾಗ ಹಂಚಿದರು. ಮಾವ ಅಲ್ಲಿಗೆ ಹೋಗಿ, ಅಗೆಯಬೇಡಿ ಎಂದು ಮನೆಮನೆಯ ಮುಂದೆ ನಿಂತು ಬೇಡಿಕೊಂಡರು. ಜಾಗ ಹೊಡೆಯಲು ಯಾರೋ ಕಳಿಸಿದ ಮುದುಕನೆಂದುಕೊಂಡು ಜನ ಅವರನ್ನು ಬಸ್ಸು ಹತ್ತಿಸಿ ಕಳಿಸಿದರು.

ಮುಂದಿನ ಮಳೆಗಾಲ ಕಳೆದ ಮೇಲೆ ಅಲ್ಲಿ ಒಬ್ಬ ಹೆಂಗಸು ಬಟ್ಟೆ ಒಣಹಾಕುವ ಕಂಬಕ್ಕೆ ಗುಂಡಿ ತೋಡುವಾಗ ಬಾಂಬು ಸಿಡಿಯಿತು. ಪತ್ರಿಕೆಯಲ್ಲಿ ಓದಿದ ಮಾವ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಎಂಬತ್ತು ದಾಟಿದ ಜೀವ, ಒಬ್ಬರನ್ನೇ ಬಿಡಲಾರದೆ ನಾನೂ ಹೋದೆ. ನಾವು ಆಸ್ಪತ್ರೆ ಸೇರುವಷ್ಟರಲ್ಲಿ ಅವಳು ತೀರಿಕೊಂಡಿದ್ದಳು. ಶವಾಗಾರದ ಹೊರಗಿನ ಬೆಂಚಿನ ಮೇಲೆ ಅವಳ ಗಂಡ, ಗಾರೆ ಕೆಲಸದವನು, ಹಸುಗೂಸನ್ನು ಹೆಗಲಿಗೆ ಹಾಕಿಕೊಂಡು ಕೂತಿದ್ದ. ಮಾವ ಅವನ ಪಕ್ಕ ಕೂತು, ಅದನ್ನು ಹೂತವನು ನಾನೇ ಎಂದು ಹೇಳಿಬಿಟ್ಟರು. ಅವನೆಲ್ಲಿ ಕೈ ಎತ್ತುತ್ತಾನೋ ಎಂದು ನಾನು ಹತ್ತಿರ ಸರಿದು ನಿಂತೆ. ಅವನು ಮಾವನ ಮುಖವನ್ನೇ ನೋಡಿದ.

“ಇನ್ನೂ ಎಷ್ಟಿವೆ ಅಜ್ಜಾ?”

“ಗೊತ್ತಿಲ್ಲಪ್ಪ.”

“ಎಲ್ಲಿವೆ?”

“ಅದೂ ಗೊತ್ತಿಲ್ಲ.”

ನಮ್ಮ ಮಹಡಿಯ ಕೋಣೆ ಖಾಲಿ ಇದೆ, ಮಗುವನ್ನು ಕರೆದುಕೊಂಡು ಬಂದುಬಿಡು ಎಂದು ಮಾವ ಕರೆದರು. ಇದ್ದ ಕೆಲಸ ಬಿಟ್ಟು ಎಲ್ಲಿಗೆ ಬರಲಿ ಎಂದ. ಅವನ ಫೋನ್ ನಂಬರ್ ಮಾತ್ರ ತೆಗೆದುಕೊಂಡು ಬಂದೆವು.

ಆಮೇಲೆ ಮಾವ ಯಾರ ಮನೆಯ ನಲ್ಲಿ ನೋಡಲೂ ಹೋಗಲಿಲ್ಲ. ತಟ್ಟೆಯಲ್ಲಿ ಬಡಿಸಿದ್ದನ್ನು ಹಾಗೇ ಬಿಟ್ಟು ಏಳುತ್ತಿದ್ದರು. ಹೊಳೆಯ ನೀರು ಯಾವ ಇಳಿಜಾರಿನಲ್ಲಿ ಎಲ್ಲಿಗೆ ಕೊಚ್ಚಿರಬಹುದೆಂದು ಗೋಡೆಯ ಮೇಲೆ ಬೆರಳಿನಲ್ಲಿ ಗೆರೆ ಎಳೆಯುತ್ತ ಮಲಗಿರುತ್ತಿದ್ದರು. ಒಂದು ಬೆಳಿಗ್ಗೆ ಕಾಫಿ ಹಿಡಿದು ಹೋದಾಗ ಬೆರಳು ತಣ್ಣಗಾಗಿತ್ತು.

ಸೈನ್ಯದವರು ಬಂದು ಕಹಳೆ ಊದಿ ಗೌರವ ಸಲ್ಲಿಸಿದರು. ನೀರಿನ ಕಚೇರಿಯವರು ಹೂಮಾಲೆ ತಂದು, ಊರಿಗೇ ನೀರು ಕೊಟ್ಟ ಪುಣ್ಯಾತ್ಮ ಎಂದು ಹೊಗಳಿದರು. ಬಯಲಿನ ಮಾತನ್ನು ಯಾರೂ ಎತ್ತಲಿಲ್ಲ.

ಎಲ್ಲ ಮುಗಿದ ಮೇಲೆ ಗಾರೆಯವನಿಗೆ ನಾನೇ ಫೋನ್ ಮಾಡಿ ವಿಷಯ ತಿಳಿಸಿದೆ.

“ಹೋಗೋ ಮುಂಚೆ ಜಾಗ ಏನಾದ್ರೂ ನೆನಪಾಯ್ತಾ ಅವರಿಗೆ?”

ಇಲ್ಲ ಎಂದೆ.

“ಸರಿ ಅಕ್ಕ. ಮಗು ಈಗ ನಡೆಯೋಕೆ ಶುರು ಮಾಡಿದೆ, ಅದಕ್ಕೇ ಕೇಳಿದೆ,” ಎಂದ.