ಜಗಳಕ್ಕೊಬ್ಬರು ಬೇಕಾಗಿತ್ತು

ಕುಲಕರ್ಣಿ ಸರ್ ಅವರ ಇಟಾಲಿಯನ್ ಭಾಷೆಯನ್ನು ಯಾರಾದರೂ ಹೊಗಳಿದರೆ ಅವರ ಮುಖ ಬಾಡಿಬಿಡುತ್ತಿತ್ತು.

ಆಲುವದ ಬ್ಯಾಂಕಿನಲ್ಲಿ ನನ್ನ ಎದುರಿನ ಮೇಜು ಅವರದು. ಧಾರವಾಡದವರು, ಕೇರಳಕ್ಕೆ ಬಂದು ಬಹಳ ವರ್ಷಗಳಾಗಿದ್ದವು. ಶಾಖೆಯಲ್ಲಿ ಕನ್ನಡ ಮಾತಾಡಲು ಅವರಿಗಿದ್ದವಳು ಕಾಸರಗೋಡಿನ ನಾನೊಬ್ಬಳೇ.

"ಭಾಷಾ ಬಂತು ಅಂತ ಯಾವಾಗ ಗೊತ್ತಾಗ್ತದ ಹೇಳವಾ? ಆ ಭಾಷಾದಾಗ ಒಬ್ಬರು ನಮ್ಮ ಜೋಡಿ ಖರೇ ಜಗಳಾ ತೆಗೀಬೇಕು. ಹೊಗಳಿದ್ರು ಅಂದ್ರ, ಇನ್ನೂ ನಮ್ಮನ್ನ ಬೀಗರಂಗ ನೋಡ್ಲಿಕ್ಕತ್ತಾರ ಅಂತ ಅರ್ಥ."

ನಿವೃತ್ತಿಗೆ ಮುಂಚೆ ಅಂಥದೊಂದು ಜಗಳ ಆಗಬೇಕೆಂಬುದೇ ಅವರ ಆಸೆ.

ಇಟಾಲಿಯನ್ ಕಲಿಸುವ ಮೊಬೈಲಿನ ಆ್ಯಪನ್ನು ಅಳಿಸಿಹಾಕಿದರು. "ತಪ್ಪ್ ಹೇಳಿದ್ರೂ ಚಪ್ಪಾಳಿ ತಟ್ತದ, ನಾಚಿಕಿಲ್ಲದ್ದು!" ಪಠ್ಯಪುಸ್ತಕದಲ್ಲಿ ಎಲ್ಲರೂ ಕಾಫಿ ತರಿಸಿಕೊಂಡು ಧನ್ಯವಾದ ಹೇಳುತ್ತಿದ್ದರು. ವಿಡಿಯೊ ಕರೆಯಲ್ಲಿ ಪರಿಚಯವಾದ ಮಿಲಾನಿನ ಮಹಿಳೆಗೆ, ನಿಮ್ಮ ಪಾಸ್ತಾಕ್ಕಿಂತ ನಮ್ಮ ಉಪ್ಪಿಟ್ಟೇ ಮೇಲು ಎಂದು ಕೆಣಕಿದರು. ಆಕೆ ಉಪ್ಪಿಟ್ಟು ಮಾಡುವ ವಿಧಾನ ಕೇಳಿದಳು. ಕೊನೆಗೆ ಅಂತರ್ಜಾಲದಲ್ಲಿ ಇಟಲಿಯ ಯಾವುದೋ ಅಪಾರ್ಟ್‌ಮೆಂಟಿನ ನಿವಾಸಿಗಳ ಸಭೆಯ ವಿಡಿಯೊಗಳು ಸಿಕ್ಕವು. ಕೆಟ್ಟ ಲಿಫ್ಟಿಗಾಗಿ ಎಲ್ಲರೂ ಎದ್ದುನಿಂತು ಕೂಗಾಡುತ್ತಿದ್ದರು. ಊಟದ ಬಿಡುವಿನಲ್ಲಿ ಸರ್ ಇಯರ್‌ಫೋನ್ ಸಿಕ್ಕಿಸಿಕೊಂಡು, ಮೊಸರನ್ನದ ಕೈ ಬೀಸುತ್ತ, ಆ ಲಿಫ್ಟಿನ ಪರವಾಗಿ ಗುಡುಗುತ್ತಿದ್ದರು. ಚಿನ್ನದ ಸಾಲಕ್ಕೆ ಬಂದವರು ಬಾಗಿಲಲ್ಲೇ ನಿಂತುಬಿಡುತ್ತಿದ್ದರು.

ತರಬೇತಿಗೆಂದು ನಾವಿಬ್ಬರೂ ತಿರುವನಂತಪುರಕ್ಕೆ ಹೋಗಿದ್ದಾಗ, ಸಂಜೆ ಕೋವಳಂ ಕಡಲತೀರದಲ್ಲಿ ಸರ್ ಪ್ರವಾಸಿಯೊಬ್ಬಳ ಟವೆಲ್ ತುಳಿದರು. ಬೇಕೆಂದೇ ತುಳಿದರೇ? ನನಗೆ ಈಗಲೂ ಅನುಮಾನ. ಆಕೆ ಎದ್ದು ಇಟಾಲಿಯನ್ನಿನಲ್ಲೇ ಬೈಯತೊಡಗಿದಳು. ಸರ್ ಕಣ್ಣಲ್ಲಿ ನೀರು. ಕೈಮುಗಿದು ಅದೇ ಭಾಷೆಯಲ್ಲಿ, ದಯವಿಟ್ಟು ಇನ್ನೊಮ್ಮೆ, ಸ್ವಲ್ಪ ನಿಧಾನವಾಗಿ, ಎಂದು ಕೇಳಿಕೊಂಡರು. ಆಕೆ ನಕ್ಕುಬಿಟ್ಟಳು. ನಿಮ್ಮ ಇಟಾಲಿಯನ್ ಎಷ್ಟು ಚೆನ್ನಾಗಿದೆ, ಎಂದಳಂತೆ.

ಮರಳುವಾಗ ಆಟೊದವನು ಸುತ್ತುದಾರಿ ಹಿಡಿದ. ತಂಪಾನೂರಿನ ಬಸ್ ನಿಲ್ದಾಣ ಮುಟ್ಟುವವರೆಗೂ ಸರ್ ಅವನೊಡನೆ ಮಲಯಾಳದಲ್ಲಿ, ಉಸಿರು ಬಿಡದೆ ಕಿತ್ತಾಡಿದರು. ಅವನೂ ಬಿಡಲಿಲ್ಲ. ಕೊನೆಗೆ ಎಂಜಿನ್ ಆರಿಸಿ, "ಸಾರಿನೋಡ್ ತರ್ಕಿಚ್ಚ್ ಜಯಿಕ್ಕಾನ್ ಪಟ್ಟಿಲ್ಲ" ಸಾರ್ ಜೊತೆ ವಾದಿಸಿ ಗೆಲ್ಲಲಾಗದು, ಎಂದು ಸೋಲೊಪ್ಪಿದ. ಸರ್ ಸಪ್ಪೆ ಮುಖದಲ್ಲಿ ನನ್ನತ್ತ ತಿರುಗಿ, "ಇಷ್ಟು ವರ್ಷ ಕಲ್ತು ಏನ್ ಬಂತವಾ? ಒಂದು ಜಗಳಾ ಸುದ್ದಾ ಆಗ್ಲಿಲ್ಲ" ಎಂದರು.

ಇದು ಹೀಗೇ ನಡೆಯಿತೇ? ಒಂದೇ ಸಂಜೆಯಲ್ಲಿ ಎರಡೂ? ನೆನಪು ಬೇರೆ ದಿನದ ಆಟೊವನ್ನು ತಂದು ಇಲ್ಲಿ ನಿಲ್ಲಿಸಿರಬಹುದು. ಅವರ ಸಪ್ಪೆ ಮುಖವನ್ನಂತೂ ನಾನು ಕಲ್ಪಿಸಿಕೊಂಡದ್ದಲ್ಲ.

ನಿವೃತ್ತರಾಗಿ ಧಾರವಾಡಕ್ಕೆ ಹೋದರು. ಎದುರಿನ ಮೇಜಿಗೆ ಈಗ ಪ್ರಿಂಟರ್ ಬಂದಿದೆ. ಮೊನ್ನೆ ಫೋನ್ ಮಾಡಿದ್ದರು.

"ಇಲ್ಲಿ ಎಲ್ಲಾ ಛಲೋ ಅದವಾ. ಆದ್ರ ಸಿಟ್ಟು ಬಂದಾಗ ಬಾಯಾಗ ಮಲಯಾಳಂ ಬರ್ತದ. ಯಾರೂ ತಿರುಗಿ ಬಯ್ಯಂಗಿಲ್ಲ."

ಇಷ್ಟು ದಿನ ಫೋನ್ ಮಾಡದೆ ಎಲ್ಲಿ ಹಾಳಾಗಿ ಹೋಗಿದ್ದಿರಿ ಎಂದು ನಾನು ಮಲಯಾಳದಲ್ಲಿ ಶುರುಮಾಡಿದೆ. ಆ ಕಡೆಯಿಂದ ಸರ್ ಮಲಯಾಳದಲ್ಲೇ ಗುಡುಗತೊಡಗಿದರು.