ಟಗರು ಎಡಗೈಯಲ್ಲಿ ಹೊಡೆದ ದಿನ

ಟಗರು-ಕೋಳಿ ಕಾಮಿಕ್ಸ್ ಯಾಕೆ ನಿಲ್ಲಿಸಿದಿರಿ ಎಂದು ಈಗಲೂ ಜನ ಮೆಸೇಜ್ ಮಾಡುತ್ತಾರೆ. ಕೆಲವರು ಬೇಡಿಕೊಳ್ಳುತ್ತಾರೆ, ಕೆಲವರು ಬೈಯುತ್ತಾರೆ. ಒಬ್ಬನಂತೂ ನಿಮಗೆ ಕೊಬ್ಬು ಎಂದು ಬರೆದಿದ್ದ. ಅವನು ಹೇಳಿದ್ದು ಸುಳ್ಳಲ್ಲ, ಕೊಬ್ಬು ಇತ್ತು. ಅದು ಹೇಗೆ ಇಳಿಯಿತು ಎನ್ನುವುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಓದದೆ ಇದ್ದವರಿಗಾಗಿ ಹೇಳುತ್ತೇನೆ. ವಾರಕ್ಕೊಂದು ಕಂತು, ಫೋನಿನಲ್ಲಿ ನೋಡುವಂಥದ್ದು. ಪಟ್ಟಾಪಟ್ಟಿ ಚಡ್ಡಿಯ ಟಗರು ಗಂಡ, ಹಣೆಗೆ ಕುಂಕುಮ ಇಟ್ಟ ಕೋಳಿ ಹೆಂಡತಿ. ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಒಂದು ವಾರ, ಕರು ಹಗ್ಗ ಬಿಚ್ಚಿಕೊಂಡಿತು ಎಂದು ಇನ್ನೊಂದು ವಾರ ಟಗರು ಕೋಳಿಗೆ ಬಡಿಯುತ್ತದೆ. ಪುಕ್ಕ ಹಾರುತ್ತವೆ, ಪಾತ್ರೆ ಉರುಳುತ್ತವೆ, ಕೋಳಿ ಗೋಡೆ ಹತ್ತುತ್ತದೆ. ಕೊನೆಯ ಚೌಕದಲ್ಲಿ ಟಗರು ಓಡಿಬಂದು ಜಾರಿ ತಿಪ್ಪೆಗೆ ತಲೆಕೆಳಗಾಗಿ ಬೀಳುತ್ತದೆ. ಇದರಲ್ಲಿ ನಾನು ಹುಟ್ಟಿಸಿದ್ದು ತಿಪ್ಪೆ ಒಂದನ್ನೇ. ನಮ್ಮ ಚಿಕ್ಕಪ್ಪ ಯಾವತ್ತೂ ತಿಪ್ಪೆಗೆ ಬಿದ್ದವನಲ್ಲ.

ನಂದಗುಡಿ ಕಡೆಯ ಊರು ನಮ್ಮದು. ಅಪ್ಪನೂ ಚಿಕ್ಕಪ್ಪನೂ ಭಾಗವಾದಾಗ ಮನೆಯ ನಡುವೆ ಒಂದು ಗೋಡೆ ಎದ್ದಿತು. ಸಿಮೆಂಟಿಗೆ ಜಿಪುಣತನ ಮಾಡಿ ಕಟ್ಟಿದ ಗೋಡೆ, ಆಚೆ ಲೋಟ ಬಿದ್ದರೂ ಈಚೆ ಕೇಳಿಸುತ್ತಿತ್ತು. ಏಟು ಬಿದ್ದರೆ ಕೇಳಿಸದೆ ಇರುತ್ತದೆಯೆ? ಮೊದಲ ಏಟಿಗೇ ಅಮ್ಮ ಟಿವಿಯ ದನಿ ಏರಿಸುತ್ತಿದ್ದಳು. ಅಪ್ಪ ಎದ್ದು ಹಸುವಿನ ಹತ್ತಿರ ಹೋಗುತ್ತಿದ್ದ. ಹೋಗುವಾಗ ಒಂದು ಗಾದೆ: ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ನಮ್ಮ ಪಕ್ಕದ ಮನೆಯಲ್ಲಿ ಉಂಡರೂ ಮಲಗಿದರೂ ಅದು ಮುಗಿಯುತ್ತಿರಲಿಲ್ಲ. ಆ ಗಾದೆ ಕಟ್ಟಿದವನು ಎದುರಿಗೆ ಸಿಕ್ಕಿದರೆ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ನನಗೆ ಈಗ ಬರುತ್ತದೆ. ಆಗ ಬರುತ್ತಿರಲಿಲ್ಲ. ಆಗ ನಾನು ಸ್ಕೆಚ್ ಹಾಕಿಕೊಳ್ಳುತ್ತಿದ್ದೆ.

ಹೊರಗೆ ನೋಡಿದರೆ ಚಿಕ್ಕಪ್ಪನಂಥ ಮನುಷ್ಯ ಇಲ್ಲ. ಯಾರದೋ ಬೋರ್‌ವೆಲ್ ಮೋಟಾರು ಸುಟ್ಟುಹೋದರೆ ಅದನ್ನು ಮೇಲೆಳೆಯುವ ಹಗ್ಗ ಹಿಡಿಯಲು ಮೊದಲು ಹೋಗುವವನು ಅವನೇ, ಹೆಣಕ್ಕೆ ಹೆಗಲು ಕೊಡುವವನೂ ಅವನೇ. ಊರಿಗೆ ಉಪಕಾರಿ, ಮನೆಗೆ ಮಾರಿ. ಚಿಕ್ಕಮ್ಮ ಚಿಂತಾಮಣಿ ಕಡೆಯವಳು, ಮನೆಮಾತು ತೆಲುಗು. ಮಕ್ಕಳಾಗಿರಲಿಲ್ಲ. ಮಧ್ಯಾಹ್ನ ಗಂಡಸರು ಕ್ಯಾಪ್ಸಿಕಂ ತೋಟದಲ್ಲಿ ಇರುವ ಹೊತ್ತಿಗೆ ಸೊಪ್ಪು ಸೋಸುವ ಮೊರ ಹಿಡಿದು ನಮ್ಮ ಹೊಸ್ತಿಲಿಗೆ ಬಂದು ಕೂರುತ್ತಿದ್ದಳು. ಹಿಂದಿನ ದಿನದ್ದನ್ನು ನನಗೆ ಹೇಳುತ್ತಿದ್ದಳು, ಇನ್ಯಾರಿಗೂ ಅಲ್ಲ.

ನಾನು ಬರೆದದ್ದನ್ನು ಅವಳಿಗೆ ತೋರಿಸುತ್ತಿದ್ದೆ. ಅವಳು ತಿದ್ದುತ್ತಿದ್ದಳು. "ಹಂಗಲ್ಲ ಕಣಮ್ಮ, ಮೊದ್ಲು ಕೂದ್ಲು ಹಿಡ್ಕೊಂತಾರೆ. ಆಮೇಲೆ ಹೊಡಿಯೋದು. ಕೂದ್ಲು ಹಿಡ್ದಿದ್ರೆ ಬೀಳಾಕೂ ಆಗಲ್ಲ." ಒಂದು ಸಲ ಎದ್ದು ನಿಂತು, ತಲೆ ಯಾವ ಕಡೆಗೆ ಹೊರಳುತ್ತದೆ ಎಂದು ಮಾಡಿ ತೋರಿಸಿದಳು. ಮುಗಿದ ಚಿತ್ರದಲ್ಲಿ ಟಗರು ತಿಪ್ಪೆಗೆ ಬಿದ್ದದ್ದನ್ನು ನೋಡಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಮುಂದಿನ ಹಲ್ಲೊಂದು ಹೋಗಿತ್ತು, ಅದಕ್ಕೆ ಕೈ ಅಡ್ಡ. ನಾನು ಆ ನಗುವನ್ನು ಒಪ್ಪಿಗೆ ಎಂದುಕೊಂಡೆ. ಎರಡು ವರ್ಷ ಹಾಗೇ ಅಂದುಕೊಂಡು ಬರೆದೆ.

ಗುರುತು ಸಿಗಬಾರದು ಎಂಬ ಎಚ್ಚರ ನನಗಿತ್ತು. ಅದರ ಉಪಾಯ ಕಲಿತದ್ದು ಹೊಸಕೋಟೆಯ ಫ್ಲೆಕ್ಸ್ ಅಂಗಡಿಯಲ್ಲಿ. ನಾನು ಹೊಟ್ಟೆಪಾಡಿಗೆ ಅಲ್ಲಿ ಡಿಸೈನ್ ಮಾಡುತ್ತೇನೆ, ಹುಟ್ಟುಹಬ್ಬದ ಫ್ಲೆಕ್ಸು, ಶ್ರದ್ಧಾಂಜಲಿ ಫ್ಲೆಕ್ಸು. ಮುಖಗಳೆಲ್ಲ ಒಳಮುಖವಾಗಿ ನೋಡಬೇಕು ಎಂದು ಒಬ್ಬ ಮುಖಂಡರ ಫೋಟೋವನ್ನು ಎಡಬಲ ತಿರುಗಿಸಿಬಿಟ್ಟಿದ್ದೆ. ಬಲಗೆನ್ನೆಯ ಮಚ್ಚೆ ಎಡಗೆನ್ನೆಗೆ ಹೋಯಿತು. ಹುಡುಗರ ಗುಂಪು ನುಗ್ಗಿ ಮಾಲೀಕನ ಕಾಲರ್ ಹಿಡಿದು, "ಯಾವನಲೇ ಇವ್ನು, ನಮ್ಮಣ್ಣ ಅಲ್ಲ" ಎಂದು ಅವನ ಹಲ್ಲು ಅಲ್ಲಾಡುವ ಹಾಗೆ ಗುದ್ದಿತು. ಅವತ್ತು ನನಗೆ ತಿಳಿದದ್ದು ಇಷ್ಟು: ಎಡಬಲ ತಿರುಗಿಸಿದರೆ ದಿನಾ ನೋಡುವವರಿಗೂ ಮನುಷ್ಯ ಬೇರೆಯವನಾಗುತ್ತಾನೆ.

ಚಿಕ್ಕಪ್ಪ ಎಡಚ. ಅವರ ಅಂಗಳದಲ್ಲಿ ಎಡಕ್ಕೆ ನೀರಿನ ತೊಟ್ಟಿ, ಬಲಕ್ಕೆ ನುಗ್ಗೆಮರ, ನಡುವೆ ಮೂಲೆ ಮುರಿದ ಒಗೆಯುವ ಕಲ್ಲು. ನಾನು ಕಂಡದ್ದನ್ನು ಕಂಡ ಹಾಗೇ ಬರೆದು, ಆಮೇಲೆ ಇಡೀ ಚಿತ್ರವನ್ನು ತಿರುಗಿಸಿ, ಕೊನೆಯಲ್ಲಿ ಮಾತುಗಳನ್ನು ತುಂಬುತ್ತಿದ್ದೆ. ಟಗರು ಬಲಗೈಯವನಾಗುತ್ತಿತ್ತು, ಅಂಗಳ ಯಾವುದೋ ಊರಿನದಾಗುತ್ತಿತ್ತು. ನಮ್ಮೂರಲ್ಲೂ ಓದುವವರಿದ್ದರು, ಯಾರಿಗೂ ಹೊಳೆಯಲಿಲ್ಲ. ಚಿಕ್ಕಪ್ಪನೇ ಒಮ್ಮೆ ನನ್ನ ಟ್ಯಾಬ್ ಇಸಿದುಕೊಂಡು ನೋಡಿ, "ಚೆನ್ನಾಗ್ ಬರಿತೀಯ ಕಣಮ್ಮ, ಒಳ್ಳೆ ಕಚಡಾ ನನ್ಮಗ ಇವ್ನು ಟಗರು" ಎಂದು ನಕ್ಕಿದ್ದ. ಚಿಕ್ಕಮ್ಮ ಪಕ್ಕದಲ್ಲೇ ನಿಂತು ಅವನಿಗೆ ಕಾಫಿ ಕೊಡುತ್ತಿದ್ದಳು.

ಓದುಗರು ಬೆಳೆದರು. ಪ್ರತಿ ಕಂತಿನ ಕೆಳಗೆ ಮಾತು ತುಂಬುತ್ತಿತ್ತು, ನಾನು ಒಬ್ಬೊಬ್ಬರಿಗೂ ಉತ್ತರ ಕೊಡುತ್ತಿದ್ದೆ. "ಗುರು, ಈ ವಾರ ಏಟು ಕಮ್ಮಿ ಆಯ್ತು" ಎಂದವನಿಗೆ ಮುಂದಿನ ವಾರ ಬಡ್ಡಿ ಸಮೇತ ಕೊಡ್ತೀನಿ ಎಂದು ಬರೆದೆ. ಕೊಟ್ಟೆ ಕೂಡ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬೆಕ್ಕು ಯಾರು ಎಂದು ನನಗೆ ಆಗ ಗೊತ್ತಿರಲಿಲ್ಲ.

ನನ್ನ ಹಾಗೆ ಸ್ವಂತವಾಗಿ ಕಾಮಿಕ್ಸ್ ಬರೆಯುವವರು ಬೆಂಗಳೂರಿನ ಒಂದು ಹಾಲ್‌ನಲ್ಲಿ ಮೇಜು ಹಾಕಿಕೊಂಡು ಕೂರುವ ಒಂದು ಭಾನುವಾರ ಬಂತು. ಆಯ್ದ ಕಂತುಗಳನ್ನು ಪುಟ್ಟ ಪುಸ್ತಕ ಮಾಡಿಸಿ, ಚೀಲ ಹೊತ್ತು ಬಸ್ಸಿನಲ್ಲಿ ಹೋದೆ. ನನ್ನ ಮೇಜಿನ ಮುಂದೆ ಸಾಲು ನಿಂತಿತು. ಹುಟ್ಟಿದಾಗಿನಿಂದ ಡೈರಿ ಮುಂದೆ ಹಾಲು ಹಾಕಲು, ರೇಷನ್‌ಗೆ ಸಾಲು ನಿಂತವಳು ನಾನು. ನನಗಾಗಿ ಸಾಲು ನಿಂತದ್ದು ಅದೇ ಮೊದಲು, ತಲೆ ನೆಟ್ಟಗೆ ನಿಲ್ಲಲಿಲ್ಲ. ಇಬ್ಬರು ಕಾಲೇಜು ಹುಡುಗಿಯರು ಟಗರು ಕೋಳಿಯ ಹಾಗೆ ನಿಂತು ಫೋಟೋ ತೆಗೆಸಿಕೊಂಡರು. ಒಬ್ಬಳು ಇನ್ನೊಬ್ಬಳ ಜಡೆ ಹಿಡಿದಿದ್ದಳು. "ಕೈ ಇನ್ನೂ ಮೇಲೆತ್ತು, ಏಟು ಜೋರಾಗಿ ಬೀಳೋ ಥರ ಇರ್ಲಿ" ಎಂದು ಹೇಳಿಕೊಟ್ಟವಳು ನಾನೇ.

ನಡುವಯಸ್ಸಿನ ಹೆಂಗಸೊಬ್ಬರು ಪುಸ್ತಕವನ್ನು ಪೂರ್ತಿ ನಿಂತೇ ಓದಿದರು. ಆಮೇಲೆ, "ಈ ಕೋಳಿ ಬಿಟ್ಟು ಹೋಗೋದು ಯಾವಾಗಮ್ಮ?" ಎಂದರು.

"ಹೋಗ್ಬಿಟ್ರೆ ಕಾಮಿಕ್ಸೇ ಮುಗ್ದೋಗತ್ತಲ್ಲ ಮೇಡಂ" ಎಂದೆ. ಸಾಲಿನಲ್ಲಿದ್ದವರು ನಕ್ಕರು. ಅವರು ನಗಲಿಲ್ಲ. ಪುಸ್ತಕವನ್ನು ಮೇಜಿನ ಮೇಲೆ ಇಟ್ಟು ಹೊರಟುಹೋದರು. ತಗೊಳ್ಳದಿದ್ದರೆ ಬೇಡ, ಮುಖ ಯಾಕೆ ಸಿಂಡರಿಸಬೇಕು ಎಂದು ನನಗೆ ರೇಗಿತು.

ಇವತ್ತು ಸಂಜೆಗೇ ಹೊಸ ಕಂತು ಎಂದು ಎಲ್ಲರಿಗೂ ಮಾತು ಕೊಟ್ಟಿದ್ದೆ. ಚಿತ್ರ ಬರೆದಾಗಿತ್ತು. ಆ ವಾರ ಚಿಕ್ಕಪ್ಪ ಚಿಕ್ಕಮ್ಮನ ತಲೆಯನ್ನು ತೊಟ್ಟಿಯ ನೀರಿಗೆ ಅದುಮಿ ಹಿಡಿದಿದ್ದ, ಎಮ್ಮೆಗೆ ಹೊತ್ತಿಗೆ ಸರಿಯಾಗಿ ನೀರು ಕುಡಿಸಿರಲಿಲ್ಲ ಎಂದು. ನನ್ನ ಚಿತ್ರದಲ್ಲಿ ಕೋಳಿಯ ಕಾಲು ಮಾತ್ರ ಮೇಲೆ, ನೀರಿನ ತುಂಬ ಗುಳ್ಳೆ. ವಾಪಸ್ ಬರುವಾಗ ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಿತು. ಕಿಟಕಿ ಪಕ್ಕ ಕೂತು ಮಾತು ತುಂಬಿದೆ, ಹೊಸಕೋಟೆ ಬರುವ ಮೊದಲೇ ಹಾಕಿದೆ. ಚಿತ್ರವನ್ನು ತಿರುಗಿಸುವುದು ಮರೆತೆ. ಮಾತು ಕೊನೆಯಲ್ಲಿ ತುಂಬಿದ್ದರಿಂದ ಅಕ್ಷರಗಳು ಎಂದಿನಂತೆ ನೆಟ್ಟಗೇ ಇದ್ದವು, ತಪ್ಪು ಕಣ್ಣಿಗೆ ಬೀಳಲಿಲ್ಲ. ಮನೆಗೆ ಹೋಗಿ ಸುಖವಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಡೈರಿಯಲ್ಲಿ ನಡೆದದ್ದನ್ನು ಅಮ್ಮ ಕಣ್ಣಾರೆ ಕಂಡಳು. ಹಾಲು ಹಾಕಲು ನಿಂತವರ ನಡುವೆ ಫೋನು ಕೈಯಿಂದ ಕೈಗೆ ಹೋಗುತ್ತಿತ್ತು. ಎಡಕ್ಕೆ ತೊಟ್ಟಿ, ಬಲಕ್ಕೆ ನುಗ್ಗೆಮರ, ಮುರಿದ ಮೂಲೆಯ ಕಲ್ಲು, ಎಡಗೈ ಎತ್ತಿದ ಟಗರು. ಡೈರಿಗೆ ಬರುವವರೆಲ್ಲ ದಿನಾ ಆ ಅಂಗಳದ ಮುಂದೆಯೇ ಹಾದು ಬರುತ್ತಾರೆ. "ಏನಪ್ಪಾ, ನಿಮ್ಮನೆ ತೊಟ್ಟಿ ಬೆಂಗ್ಳೂರ್ಗೆಲ್ಲಾ ಗೊತ್ತಾಗೋಯ್ತಲ್ಲ" ಎಂದ ಒಬ್ಬ, ಹಾಲು ತಂದಿದ್ದ ಚಿಕ್ಕಪ್ಪನಿಗೆ. "ಟಗರೂ ಎಡಚನೇ ಕಣ್ರೋ" ಎಂದ ಇನ್ನೊಬ್ಬ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಚಿಕ್ಕಪ್ಪ ಹಾಲಿನ ಕ್ಯಾನನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡನಂತೆ. ಜನ ಇನ್ನೂ ಜೋರಾಗಿ ನಕ್ಕರು. ಅವನೂ ನಕ್ಕ. ಹಾಲು ಅಳೆದುಕೊಟ್ಟು, ಚೀಟಿ ಇಸಿದುಕೊಂಡು ಮನೆಗೆ ಬಂದ.

ಗೋಡೆಯ ಆಚೆ ಮೊದಲು ಕೇಳಿದ್ದು ಕ್ಯಾನಿನ ಮುಚ್ಚಳದ ಸದ್ದು. ಅಲ್ಯೂಮಿನಿಯಂ ಮುಚ್ಚಳ ಮೂಳೆಗೆ ತಗುಲಿದರೆ ಬರುವ ಸದ್ದು ನನಗೆ ಅವತ್ತಿಗೆ ಹೊಸದು. ಅಮ್ಮ ರಿಮೋಟ್ ತೆಗೆದುಕೊಂಡಳು. ಅಪ್ಪ ಚಪ್ಪಲಿ ಮೆಟ್ಟಿಕೊಂಡ. ನಾನು ಓಡಿದೆ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಎರಡು ವರ್ಷದಲ್ಲಿ ಒಂದು ಸಲವೂ ಓಡದವಳು ಅವತ್ತು ಓಡಿದ್ದು ತಪ್ಪು ನನ್ನದಾಗಿತ್ತು ಎಂಬ ಒಂದೇ ಕಾರಣಕ್ಕೆ.

ಚಿಕ್ಕಮ್ಮ ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬಲಗೈಯನ್ನು ತಲೆಗೆ ಅಡ್ಡ ಹಿಡಿದಿದ್ದಳು. ಮುಚ್ಚಳ ಆ ಕೈಯ ಮೇಲೇ ಬೀಳುತ್ತಿತ್ತು. ಹುಬ್ಬು ಸೀಳಿ ರಕ್ತ ಕಣ್ಣಿಗೆ ಇಳಿದಿತ್ತು. "ನಾನು ಬರ್ದಿದ್ದು ಚಿಕ್ಕಪ್ಪಾ, ಅವಳನ್ನ ಬಿಡು" ಎಂದು ಅವನ ತೋಳಿಗೆ ಜೋತುಬಿದ್ದೆ. ಅವನು ಕೊಡವಿಕೊಂಡು ನನ್ನ ಜುಟ್ಟು ಹಿಡಿದ. ಮೊದಲು ಕೂದಲು, ಆಮೇಲೆ ಏಟು. ಅದು ಬಿದ್ದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವುದು ಬಿಟ್ಟು ಏನೂ ಕೇಳಿಸಲಿಲ್ಲ. ಬಾಯಿ ಉಪ್ಪಾಯಿತು, ಉಚ್ಚೆ ಹೋಯಿತು. ಎಷ್ಟೊಂದು ಕಂತು ಬರೆದಿದ್ದೆ, ಏಟು ತಿಂದವರಿಗೆ ಉಚ್ಚೆ ಹೋಗುತ್ತದೆ ಎಂದು ಗೊತ್ತಿರಲಿಲ್ಲ. ಚಿಕ್ಕಮ್ಮ ಅದನ್ನು ಹೇಳಿಯೇ ಇರಲಿಲ್ಲ.

ಅವನು ನಮ್ಮ ಮನೆಗೆ ನುಗ್ಗಿ ಟ್ಯಾಬ್ ತಂದ. ಒಗೆಯುವ ಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಚಚ್ಚಿದ, ಗಾಜು ಪುಡಿಯಾಗುವ ತನಕ ಬಿಡಲಿಲ್ಲ. ಅಷ್ಟು ಹೊತ್ತಿಗೆ ಬೀದಿಯ ಜನ ಸೇರಿ ಅವನನ್ನು ಹಿಡಿದುಕೊಂಡರು. ನನ್ನನ್ನು ನೋಡಿ ಹಿರಿಯರೊಬ್ಬರು, "ಮನೆ ಮಾನ ಬೀದಿಗಿಟ್ಟಲ್ಲಮ್ಮ" ಎಂದರು. ಚಿಕ್ಕಮ್ಮನನ್ನು ಯಾರೂ ಏನೂ ಕೇಳಲಿಲ್ಲ.

ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊಸಕೋಟೆಯ ಸರ್ಕಾರಿ ಆಸ್ಪತ್ರೆಗೆ ಹೋದೆ. ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತೆವು. ಬಲಗೈ ಮೊಣಕೈ ತನಕ ಊದಿತ್ತು. ಅವನನ್ನು ಸುಮ್ಮನೆ ಬಿಡಬಾರದು ಎನ್ನುವುದೊಂದೇ ನನ್ನ ತಲೆಯಲ್ಲಿ. ಫೋನ್ ತೆಗೆದೆ. "ಮುಖ ಈ ಕಡೆ ಮಾಡು ಚಿಕ್ಕಮ್ಮ. ಒಂದು ಫೋಟೋ ಹಾಕ್ತೀನಿ. ಸಾವಿರಾರು ಜನ ಇದಾರೆ ನನ್ ಹಿಂದೆ, ಎಲ್ರೂ ನಿನ್ ಕಡೆ ನಿಲ್ತಾರೆ."

ಅವಳು ನನ್ನ ಕಪಾಳಕ್ಕೆ ಹೊಡೆದಳು. ಊದದೆ ಉಳಿದಿದ್ದ ಕೈಯಲ್ಲಿ, ಇದ್ದಬದ್ದ ಬಲವನ್ನೆಲ್ಲ ಹಾಕಿ. ಫೋನು ಬೆಂಚಿನ ಕೆಳಗೆ ಹೋಯಿತು. ಸಾಲಿನಲ್ಲಿದ್ದವರು ತಿರುಗಿ ನೋಡಿದರು.

"ಎರಡು ವರ್ಷ ನಿನ್ ಹತ್ರ ಹೇಳ್ಕೊಂಡೆ" ಎಂದಳು. ದನಿ ಏರಿಸಲಿಲ್ಲ. "ಕತೆ ಮಾಡ್ಲಿ ಅಂತ ನಾನು ಹೇಳಿದ್ನಾ? ಯಾರಿಗಾದ್ರೂ ಹೇಳ್ಬೇಕಲ್ಲ ಅಂತ ಹೇಳ್ದೆ. ಒಂದು ದಿನ, ಒಂದೇ ಒಂದು ದಿನ, ಬಾ ಚಿಕ್ಕಮ್ಮ, ಇವತ್ತು ನಮ್ಮನೇಲಿ ಮಲ್ಕೋ ಅಂದ್ಯಾ ನೀನು?"

ಅಂದಿರಲಿಲ್ಲ. ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಇತ್ತು. ನಾನು ಅಲ್ಲೇ ಕೂತು ಬರೆಯುತ್ತಿದ್ದೆ.

ಡಾಕ್ಟರು ಹುಬ್ಬಿಗೆ ಹೊಲಿಗೆ ಹಾಕುತ್ತ, ಹೇಗಾಯ್ತಮ್ಮ ಎಂದು ಕೇಳಿದರು. ಪ್ರತಿ ಸಲ ಅವಳು ಹೇಳುತ್ತಿದ್ದದ್ದು ತೊಟ್ಟಿ ಹತ್ತಿರ ಜಾರಿಬಿದ್ದೆ ಎಂದು. ಊರಿಗೆಲ್ಲ ಬರೆದು ತೋರಿಸಿದವಳು ನಾನು, ಆ ಹೊತ್ತಿಗೆ ನನ್ನ ನಾಲಿಗೆ ಏಳಲಿಲ್ಲ. ಅಪ್ಪನ ಮುಖ, ಹಿರಿಯರ ಮುಖ ಕಣ್ಣ ಮುಂದೆ ಬಂದವು. ನಾನು ನೆಲ ನೋಡಿದೆ.

"ನನ್ ಗಂಡ ಹೊಡ್ದ. ಬರ್ಕೊಳಿ" ಎಂದಳು ಚಿಕ್ಕಮ್ಮ.

ಡಾಕ್ಟರು ಠಾಣೆಗೆ ತಿಳಿಸಿದ ಸ್ವಲ್ಪ ಹೊತ್ತಿಗೆ ಪೊಲೀಸ್ ಪೇದೆಯೊಬ್ಬರು ಪುಸ್ತಕ ಹಿಡಿದು ಬಂದರು. ವಯಸ್ಸಾದವರು, ಸಮಾಧಾನದ ಮನುಷ್ಯ. ಅವಳ ಹೆಸರು, ಗಂಡನ ಹೆಸರು, ಊರು ಬರೆದುಕೊಂಡು, "ಯಾರಾದ್ರೂ ನೋಡಿದೋರು ಇದಾರೇನಮ್ಮ?" ಎಂದು ಕೇಳಿದರು.

ಚಿಕ್ಕಮ್ಮ ನನ್ನ ಕಡೆ ಬೆರಳು ಮಾಡಿದಳು. "ಇವಳು ನೋಡಿದಾಳೆ. ಇವತ್ತಿಂದು ಒಂದೇ ಅಲ್ಲ, ಎಲ್ಲಾ ಗೊತ್ತು ಇವಳಿಗೆ. ನಂಗೇ ಮರ್ತೋಗಿರೋದೂ ಇವಳ ಹತ್ರ ಇದೆ."

ಪೇದೆ ನನ್ನ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತರು. ಮೊದಲಿಂದ ಹೇಳು ಎಂದರು. ಮೊದಲನೆಯದು ಯಾವುದಕ್ಕೆ ಎಂದು ನನಗೆ ಚೆನ್ನಾಗಿ ನೆನಪಿತ್ತು. ತವರಿನಿಂದ ಬಂದ ಫೋನನ್ನು ಅವನು ಊಟಕ್ಕೆ ಕೂತಾಗ ಎತ್ತಿಕೊಂಡಳು, ಅದಕ್ಕೆ ಒದ್ದ, ಸೊಂಟಕ್ಕೆ, ಎರಡು ಸಲ. ಇಷ್ಟನ್ನು ಹೇಳಿ ನಿಲ್ಲಿಸಿದೆ. ಕಾಮಿಕ್ಸಿನಲ್ಲಾದರೆ ಇಲ್ಲಿಗೆ ಜನ ನಗುತ್ತಿದ್ದರು. ಪೇದೆ ನಗಲಿಲ್ಲ. ಬರೆದುಕೊಂಡು, ಆಮೇಲೆ ಎಂದರು.